ಶಾಲಾ ಮಕ್ಕಳ ಕಣ್ಣು, ಹಲ್ಲು, ಬೆನ್ನಿನ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ತಪಾಸಣೆ ಇದೆ ಅಂದಾಗ ಅಪ್ಪ ಅಮ್ಮ ಕೇಳುವ ಪ್ರಶ್ನೆಗಳು ಒಂದಷ್ಟು. ಚೀಟಿ ಮನೆಗೆ ಬಂದ ಮೇಲೆ ಕೇಳುವವು ಇನ್ನಷ್ಟು. ಟೀಚರ್‌ಗಳದ್ದು, ಶಿಬಿರ ನಡೆಸುವವರದ್ದು ಬೇರೆಯೇ ಪ್ರಶ್ನೆಗಳು. ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು ಬರುತ್ತವೆ, ಕೊನೆಯ ಭಾಗ ಶಿಬಿರ ನಡೆಸುವವರಿಗೆ.

## ಶುರುವಿನ ಪ್ರಶ್ನೆಗಳು

ನಮ್ಮ ಮಗು ಯಾವ ತೊಂದರೆನೂ ಹೇಳಿಲ್ಲ. ಆದ್ರೂ ತಪಾಸಣೆ ಬೇಕಾ?

ಬೇಕು. ಮಕ್ಕಳು ಹೇಳುವುದಿಲ್ಲ ಅನ್ನುವುದೇ ತಪಾಸಣೆಗೆ ಮುಖ್ಯ ಕಾರಣ. ಮೊದಲಿನಿಂದಲೂ ಮಸುಕಾಗಿ ಕಾಣುತ್ತಿರುವ ಮಗು, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಾಗಿದ್ದರಂತೂ ಗೊತ್ತೇ ಆಗುವುದಿಲ್ಲ, ಒಳ್ಳೆಯ ಕಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತದೆ. ಹುಳುಕು ನರದ ಹತ್ತಿರ ಹೋಗುವವರೆಗೆ ಹಲ್ಲು ಅಷ್ಟಾಗಿ ನೋಯುವುದಿಲ್ಲ. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದೂ ಹೆಚ್ಚಾಗಿ ನೋವಿಲ್ಲದೆಯೇ ನಡೆಯುತ್ತದೆ. ನೋವು, ದೂರು ಬರಲಿ ಎಂದು ಕಾದರೆ ಸುಲಭದ ಚಿಕಿತ್ಸೆಯ ಸಮಯ ದಾಟಿ ಹೋಗಬಹುದು.

ತಪಾಸಣೆಯಲ್ಲಿ "ಸರಿ ಇದೆ" ಅಂದ್ರು. ಇನ್ನು ಡಾಕ್ಟರ್ ಹತ್ರ ಹೋಗೋದು ಬೇಡ ಅಲ್ವಾ?

ಶಾಲೆಯ ತಪಾಸಣೆ ಒಂದು ಜರಡಿ ಇದ್ದ ಹಾಗೆ. ದೊಡ್ಡ ಗುಂಪಿನಿಂದ ಅನುಮಾನ ಇರುವ ಮಕ್ಕಳನ್ನು ಬೇಗ ಬೇರೆ ಮಾಡುವುದಷ್ಟೇ ಅದರ ಕೆಲಸ. ಕೆಲವು ತೊಂದರೆಗಳು ಅದರಲ್ಲಿ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ "ಸರಿ ಇದೆ" ಅಂದಿದ್ದರೂ ಮಗು ತಲೆನೋವು ಅನ್ನುತ್ತಿದ್ದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಹಲ್ಲು ಜುಮ್ಮೆನ್ನುತ್ತದೆ ಅಂದರೆ ಡಾಕ್ಟರಿಗೆ ತೋರಿಸಿ. ಚೀಟಿಯಲ್ಲಿ "ತೋರಿಸಿ" ಎಂದು ಬರೆದಿದ್ದರೂ ಕಾಯಿಲೆ ಇದ್ದೇ ಇದೆ ಅಂತಲ್ಲ. ಪೂರ್ತಿ ಪರೀಕ್ಷೆ ಆದ ಮೇಲೇ ತೀರ್ಮಾನ.

ಯಾವ ವಯಸ್ಸಿಗೆ ಯಾವ ತಪಾಸಣೆ ಮಾಡಿಸ್ಬೇಕು?

ಕಣ್ಣಿಗೆ 3ರಿಂದ 5 ವರ್ಷದೊಳಗೆ ಒಂದು ಸಲ ನೋಡಿಸಲೇಬೇಕು. ಆಮೇಲೆ ಶಾಲೆಗೆ ಸೇರುವಾಗ, ನಂತರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಹಲ್ಲಿಗೆ ವರ್ಷಕ್ಕೊಮ್ಮೆಯಾದರೂ ನೋಡುವುದು ಒಳ್ಳೆಯದು. 6–7 ಮತ್ತು 12–13ನೇ ವಯಸ್ಸನ್ನು ಮಾತ್ರ ತಪ್ಪಿಸಬೇಡಿ. ಖಾಯಂ ದವಡೆ ಹಲ್ಲುಗಳು ಬರುವ ಕಾಲ ಅದು. ಬೆನ್ನಿನ ವಿಷಯದಲ್ಲಿ, ಅಮೆರಿಕದ ಮೂಳೆ ತಜ್ಞರ ಸಂಘಗಳು ಹೆಣ್ಣುಮಕ್ಕಳಿಗೆ 10 ಮತ್ತು 12ನೇ ವಯಸ್ಸಿನಲ್ಲಿ, ಗಂಡುಮಕ್ಕಳಿಗೆ 13 ಅಥವಾ 14ರಲ್ಲಿ ಒಮ್ಮೆ ನೋಡಲು ಹೇಳುತ್ತವೆ. ಮಗು ಬೇಗ ಬೇಗ ಉದ್ದ ಆಗುವ ಸಮಯದಲ್ಲೇ ಬಾಗು ಜಾಸ್ತಿಯಾಗುತ್ತದೆ ಅನ್ನುವುದು ಇದಕ್ಕೆ ಕಾರಣ.

ನಾನು ಟೀಚರ್. ತರಗತಿಯಲ್ಲಿ ಏನನ್ನ ಗಮನಿಸ್ಬೇಕು?

ಬೋರ್ಡ್ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗು. ಪುಸ್ತಕವನ್ನು ಮುಖಕ್ಕೆ ಅಂಟಿಸಿಕೊಂಡು ಓದುವ ಮಗು. ಓದುವಾಗ ಒಂದು ಕಣ್ಣು ಮುಚ್ಚುವ, ತಲೆ ವಾಲಿಸುವ, ಸಾಲು ತಪ್ಪುವ ಮಗು. ಊಟದ ಹೊತ್ತಿನಲ್ಲಿ ಒಂದೇ ಪಕ್ಕದಲ್ಲಿ ಅಗಿಯುವವರು, ಕೆನ್ನೆ ಹಿಡಿದು ಕೂರುವವರು. ಸಾಲಾಗಿ ನಿಂತಾಗ ಒಂದು ಭುಜ ಮೇಲೆ ಒಂದು ಕೆಳಗೆ ಇರುವವರು. ನಿಮ್ಮ ಮಾತಿಗೆ ಬೆಲೆ ಜಾಸ್ತಿ, ಯಾಕೆಂದರೆ ನೀವು ದಿನಾ ನೋಡುತ್ತೀರಿ. ಒಂದು ವಿನಂತಿ: "ಓದಲ್ಲ, ಗಮನ ಇಲ್ಲ" ಎಂದು ಷರಾ ಬರೆಯುವ ಮೊದಲು ಆ ಮಗುವಿನ ಕಣ್ಣು ಒಮ್ಮೆ ಪರೀಕ್ಷೆ ಆಗಲಿ.

## ಕಣ್ಣು

ಚೀಟಿಯಲ್ಲಿ 6/12 ಅಂತ ಬರೆದಿದ್ದಾರೆ. ಅರ್ಧ ದೃಷ್ಟಿ ಹೋಗಿದೆ ಅಂತಾನಾ?

ಇಲ್ಲ, ಗಾಬರಿಯಾಗಬೇಡಿ. ಮೇಲಿನ ಅಂಕಿ ಚಾರ್ಟ್‌ನಿಂದ ಮಗು ನಿಂತ ದೂರ, ಅಂದರೆ 6 ಮೀಟರ್. ಸರಿಯಾದ ಕಣ್ಣು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಿಮ್ಮ ಮಗು 6 ಮೀಟರ್‌ಗೆ ಬಂದರೆ ಓದುತ್ತದೆ ಎಂದು ಅರ್ಥ. 6/6 ಅಂದರೆ ಸರಿಯಾದ ದೃಷ್ಟಿ. ಕೆಲವು ಕಡೆ ಇದನ್ನೇ ಅಡಿ ಲೆಕ್ಕದಲ್ಲಿ 20/20 ಎಂದು ಬರೆಯುತ್ತಾರೆ. ಹೆಚ್ಚಿನ ಸಲ 6/12ಕ್ಕೆ ಕಾರಣ ಕನ್ನಡಕದ ಪವರ್ ಆಗಿರುತ್ತದೆ, ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಎರಡು ಕಣ್ಣಿನ ಅಂಕಿಗಳನ್ನೂ ಹೋಲಿಸಿ ನೋಡಿ. ಎರಡೂ 6/12 ಇರುವುದಕ್ಕಿಂತ, ಒಂದು 6/6 ಇದ್ದು ಇನ್ನೊಂದು 6/18 ಇದ್ದರೆ ನನಗೆ ಹೆಚ್ಚು ಚಿಂತೆ. ಕಾರಣ ಮುಂದೆ ಸೋಮಾರಿ ಕಣ್ಣಿನ ಪ್ರಶ್ನೆಯಲ್ಲಿದೆ.

ಇನ್ನೂ ಅಕ್ಷರ ಬಾರದ ಮಗುವಿನ ಕಣ್ಣು ಹೇಗೆ ನೋಡ್ತಾರೆ?

ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ 'E' ಅಕ್ಷರದ ಚಾರ್ಟ್ ಇದೆ. ಅದರ ಕಾಲುಗಳು ಯಾವ ಕಡೆಗಿವೆ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು. ಇನ್ನೂ ಚಿಕ್ಕವರಿಗೆ ಸೇಬು, ಮನೆ, ಚೌಕ, ವೃತ್ತ ಇರುವ ಚಿತ್ರದ ಚಾರ್ಟ್. ಹೆಸರು ಹೇಳಲು ನಾಚಿಕೆಯಾದರೆ ಕೈಯಲ್ಲಿರುವ ಕಾರ್ಡಿನ ಮೇಲೆ ಅದೇ ಚಿತ್ರ ಮುಟ್ಟಿ ತೋರಿಸಬಹುದು. ಇಂಥ ಮಕ್ಕಳನ್ನು 3 ಮೀಟರ್‌ನಲ್ಲೇ ನಿಲ್ಲಿಸುವುದು ಒಳ್ಳೆಯದು, ದೂರ ನಿಂತರೆ ಅವರ ಗಮನ ಬೇರೆಲ್ಲೋ ಹೋಗುತ್ತದೆ.

ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿದ್ರೆ ಪವರ್ ಜಾಸ್ತಿ ಆಗಲ್ವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ: ಕನ್ನಡಕದಿಂದ ಪವರ್ ಜಾಸ್ತಿ ಆಗುವುದಿಲ್ಲ. ದೂರದ್ದು ಮಸುಕಾಗುವ ಮಕ್ಕಳಲ್ಲಿ ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿರುತ್ತದೆ. ಮೈ ಬೆಳೆಯುವ ವಯಸ್ಸಿನಲ್ಲಿ ಅದೂ ಬೆಳೆಯುತ್ತದೆ, ಹಾಗಾಗಿ ಪವರ್ ಏರುತ್ತದೆ. ಕನ್ನಡಕ ಹಾಕಿದ ಮೇಲೆ ಏರಿದ್ದರಿಂದ ಕನ್ನಡಕವೇ ಕಾರಣ ಅನಿಸುತ್ತದೆ. ಹಾಕದಿದ್ದರೂ ಅದು ಏರುತ್ತಿತ್ತು.

"ಸ್ವಲ್ಪ ಕಮ್ಮಿ ಪವರ್ ಕೊಡಿ, ಕಣ್ಣು ತಾನೇ ಕೆಲಸ ಮಾಡಲಿ" ಎಂದು ಕೇಳುವವರಿದ್ದಾರೆ. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಕೆಂದೇ ಕಮ್ಮಿ ಪವರ್ ಕೊಟ್ಟ ಮಕ್ಕಳ ಪವರ್ ಪೂರ್ತಿ ಕೊಟ್ಟವರಿಗಿಂತ ಜಾಸ್ತಿ ಏರಿತ್ತು. ಕನ್ನಡಕ ಹಾಕಿ ತೆಗೆದಾಗ ಮೊದಲಿಗಿಂತ ಮಸುಕು ಅನಿಸುವುದು ನಿಜ. ಅದು ಕಣ್ಣು ಹಾಳಾದ ಲಕ್ಷಣ ಅಲ್ಲ. ಮಗುವಿಗೆ ಸ್ಪಷ್ಟವಾಗಿ ಕಾಣುವುದು ಹೇಗಿರುತ್ತದೆ ಎಂದು ಈಗ ಗೊತ್ತಾಗಿದೆ, ಅಷ್ಟೇ.

ಕ್ಯಾರೆಟ್ ತಿಂದು, ಕಣ್ಣಿನ ವ್ಯಾಯಾಮ ಮಾಡಿದ್ರೆ ಕನ್ನಡಕ ಬಿಡಬಹುದಾ?

ಬಿಡಲಾಗದು. ವಿಟಮಿನ್ ಎ ಕೊರತೆಯಿಂದ ಇರುಳುಗಣ್ಣು ಬರುತ್ತದೆ, ಅದಕ್ಕೆ ಆಹಾರ ಮತ್ತು ಔಷಧಿ ಬೇಕು. ಕನ್ನಡಕದ ಪವರ್‌ಗೆ ಕಾರಣ ಕಣ್ಣಿನ ಆಕಾರ. ತಿಂದರೆ, ಕಣ್ಣು ತಿರುಗಿಸಿದರೆ ಆಕಾರ ಬದಲಾಗುವುದಿಲ್ಲ.

"ಸೋಮಾರಿ ಕಣ್ಣು" ಅಂದ್ರು. ಕಣ್ಣು ನೋಡೋಕೆ ಚೆನ್ನಾಗೇ ಇದೆಯಲ್ಲ?

ಸೋಮಾರಿ ಕಣ್ಣಿನ ತೊಂದರೆ ಕಣ್ಣು ಮತ್ತು ಮೆದುಳಿನ ನಡುವೆ ಇರುತ್ತದೆ, ಹೊರಗೆ ಕಾಣಲೇಬೇಕು ಎಂದಿಲ್ಲ. ಒಂದು ಕಣ್ಣಿನ ಚಿತ್ರ ಸದಾ ಮಸುಕಾಗಿ ಬರುತ್ತಿದ್ದರೆ, ಅಥವಾ ಮೆಳ್ಳೆಗಣ್ಣಿನಿಂದ ಎರಡು ಕಣ್ಣು ಬೇರೆ ಬೇರೆ ಕಡೆ ನೋಡುತ್ತಿದ್ದರೆ, ಮೆದುಳು ಆ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಹಾಗೆ ಬಿಟ್ಟ ಕಣ್ಣಿಗೆ ದೊಡ್ಡವರಾದ ಮೇಲೆ ಎಷ್ಟು ಒಳ್ಳೆಯ ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. 100 ಮಕ್ಕಳಲ್ಲಿ ಸುಮಾರು 2–3 ಮಕ್ಕಳಿಗೆ ಇದು ಇರುತ್ತದೆ. ಚಿಕ್ಕ ಮಕ್ಕಳ ಕಣ್ಣಿನ ತಪಾಸಣೆಗೆ ಇದೊಂದೇ ಕಾರಣ ಸಾಕು ಎಂಬುದು ನನ್ನ ಅಭಿಪ್ರಾಯ.

ಚಿಕಿತ್ಸೆ ಕಷ್ಟದ್ದಲ್ಲ, ತಾಳ್ಮೆ ಬೇಡುತ್ತದೆ. ಮೊದಲು ಸರಿಯಾದ ಕನ್ನಡಕ. ಕೆಲವು ಮಕ್ಕಳಿಗೆ ಅಷ್ಟರಲ್ಲೇ ಗುಣ ಕಾಣುತ್ತದೆ. ಆಮೇಲೆ ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ ಹಾಕಿ, ಮಂದ ಕಣ್ಣಿಗೆ ಕೆಲಸ ಕೊಡುತ್ತಾರೆ. ಮಧ್ಯಮ ಮಟ್ಟದ ತೊಂದರೆಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿದರೂ 6 ಗಂಟೆಯಷ್ಟೇ ಗುಣ ಸಿಗುತ್ತದೆ ಎಂದು 2003ರ ಒಂದು ದೊಡ್ಡ ಪ್ರಯೋಗ ತೋರಿಸಿತು. ಪಟ್ಟಿ ಒಲ್ಲದ ಮಕ್ಕಳಿಗೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ಮಸುಕು ಮಾಡುವ ದಾರಿಯೂ ಇದೆ. 7 ವರ್ಷದೊಳಗೆ ಶುರು ಮಾಡಿದರೆ ಫಲ ಚೆನ್ನಾಗಿರುತ್ತದೆ. 7 ದಾಟಿದರೆ ಮುಗಿಯಿತು ಎಂದು ಕೈಬಿಡಬೇಡಿ. 12 ವರ್ಷದವರೆಗಿನ ಎಷ್ಟೋ ಮಕ್ಕಳಲ್ಲಿ ದೃಷ್ಟಿ ಸುಧಾರಿಸಿದೆ.

ಚಾರ್ಟ್ ಪೂರ್ತಿ ಓದ್ದ. ಆದ್ರೂ ಓದೋಕೆ ಕೂತ್ರೆ ತಲೆನೋವು ಅಂತಾನೆ. ಸುಮ್ನೆ ನೆಪಾನಾ?

ನೆಪ ಎಂದು ಈಗಲೇ ಹೇಳಬೇಡಿ. ದೂರದ ಚಾರ್ಟ್ ದೂರದ ದೃಷ್ಟಿಯನ್ನು ಮಾತ್ರ ಅಳೆಯುತ್ತದೆ. ಪ್ಲಸ್ ಪವರ್ ಇರುವ ಮಕ್ಕಳು ಕಣ್ಣಿನ ಒಳಗಿನ ಸ್ನಾಯು ಬಿಗಿ ಮಾಡಿ ಚಾರ್ಟ್ ಪಾಸಾಗುತ್ತಾರೆ. ಹತ್ತಿರ ಓದುವಾಗ ಅದೇ ಸ್ನಾಯು ಇನ್ನೂ ಜಾಸ್ತಿ ದುಡಿಯಬೇಕು, ಆಗ ಸುಸ್ತು, ತಲೆನೋವು. ಇನ್ನು ಕೆಲವರಿಗೆ ಹತ್ತಿರ ನೋಡುವಾಗ ಎರಡೂ ಕಣ್ಣು ಒಟ್ಟಿಗೆ ಮೂಗಿನ ಕಡೆ ತಿರುಗುವುದರಲ್ಲಿ ಬಲ ಸಾಲದು, ಅಕ್ಷರ ಎರಡೆರಡಾಗಿ ಓಡಾಡುತ್ತದೆ. ಈ ಎರಡನೇ ತೊಂದರೆಗೆ ವ್ಯಾಯಾಮ ನಿಜಕ್ಕೂ ಕೆಲಸ ಮಾಡುತ್ತದೆ, ತಜ್ಞರ ಹತ್ತಿರ ಕಲಿತು ಮಾಡಿದರೆ.

ಕಣ್ಣಿಗೆ ಹನಿ ಹಾಕಿ ನೋಡ್ಬೇಕು ಅಂದ್ರು. ಅದು ಅಗತ್ಯನಾ?

ಮಕ್ಕಳಿಗೆ ಅಗತ್ಯ. ಮೇಲೆ ಹೇಳಿದ ಸ್ನಾಯು ಬಿಗಿಯಾಗಿಯೇ ಇದ್ದರೆ ಮೆಷಿನ್ ತಪ್ಪು ಪವರ್ ತೋರಿಸುತ್ತದೆ. ಹನಿ ಹಾಕಿದರೆ ಸ್ನಾಯು ಸಡಿಲವಾಗುತ್ತದೆ, ನಿಜವಾದ ಪವರ್ ಸಿಗುತ್ತದೆ. ಆಮೇಲೆ ಹತ್ತಿರದ್ದು ಮಸುಕು, ಬೆಳಕು ಚುಚ್ಚಿದ ಹಾಗೆ ಅನಿಸುತ್ತದೆ. ಸಾಮಾನ್ಯ ಹನಿಯಾದರೆ ಸುಮಾರು ಒಂದು ದಿನ, ಅಟ್ರೋಪಿನ್ ಆದರೆ ಒಂದು ವಾರಕ್ಕಿಂತ ಹೆಚ್ಚೂ ಇರಬಹುದು. ಶಾಲೆಯ ಪರೀಕ್ಷೆ ಹತ್ತಿರ ಇರುವಾಗ ಇದನ್ನು ಇಟ್ಟುಕೊಳ್ಳಬೇಡಿ.

ಮೊಬೈಲ್ ನೋಡಿ ನೋಡಿ ಕನ್ನಡಕ ಬಂತಾ?

ಮೊಬೈಲ್ ಒಂದನ್ನೇ ಬೈಯುವುದು ಸುಲಭ. ಅಪ್ಪ ಅಮ್ಮನಿಗೆ ಮೈನಸ್ ಪವರ್ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ. ತುಂಬಾ ಹತ್ತಿರ ಇಟ್ಟುಕೊಂಡು, ಬಿಡುವಿಲ್ಲದೆ ನೋಡುವುದಕ್ಕೂ ಸಂಬಂಧ ಇದೆ. ಅದು ಮೊಬೈಲ್ ಆದರೂ ಸರಿ, ಪುಸ್ತಕ ಆದರೂ ಸರಿ. ಇವೆಲ್ಲದರ ಜೊತೆ ಗಟ್ಟಿ ಸಾಕ್ಷಿ ಇರುವುದು ಹೊರಗಿನ ಬೆಳಕಿಗೆ. ಚೀನಾದ ಗುವಾಂಗ್‌ಝೌನಲ್ಲಿ ಕೆಲವು ಶಾಲೆಗಳ 6 ವರ್ಷದ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚಿಗೆ ಹೊರಗಿನ ಚಟುವಟಿಕೆ ಕೊಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಪವರ್ ಬಂದವರು ಆ ಶಾಲೆಗಳಲ್ಲಿ ಸುಮಾರು 30%, ಉಳಿದ ಶಾಲೆಗಳಲ್ಲಿ ಸುಮಾರು 40%. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಾಗಾಗಿ ದಿನಕ್ಕೆ ಎರಡು ಗಂಟೆ ಹೊರಗೆ ಆಡಲಿ ಎಂದು ಈಗ ತಜ್ಞರು ಹೇಳುತ್ತಾರೆ. ಆಟವೇ ಆಗಬೇಕೆಂದಿಲ್ಲ, ಬಯಲಲ್ಲಿ ಮರದ ನೆರಳಲ್ಲಿ ಕೂತರೂ ಕೋಣೆಗಿಂತ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ. ಪವರ್ ಈಗಾಗಲೇ ಬೇಗ ಏರುತ್ತಿದ್ದರೆ, ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಲೆನ್ಸ್‌ಗಳ ಬಗ್ಗೆ ಕಣ್ಣಿನ ಡಾಕ್ಟರನ್ನು ಕೇಳಿ. ಮೈನಸ್ 6 ದಾಟಿದರೆ ಮುಂದೆ ರೆಟಿನಾದ (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆಯ) ತೊಂದರೆಗಳು ಹೆಚ್ಚು, ಏರುವ ವೇಗ ಕಮ್ಮಿ ಮಾಡಬೇಕು ಅನ್ನುವುದು ಅದಕ್ಕೇ.

ಬಣ್ಣ ಗುರುತಿಸೋದ್ರಲ್ಲಿ ತಪ್ಪಾಯ್ತು ಅಂತ ಬರೆದಿದ್ದಾರೆ. ಇದಕ್ಕೆ ಔಷಧಿ ಇದೆಯಾ?

ಹುಟ್ಟಿನಿಂದ ಬಂದಿದ್ದರೆ ಇಲ್ಲ. ಗಂಡುಮಕ್ಕಳಲ್ಲೇ ಜಾಸ್ತಿ, ಕಾರಣ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ದೃಷ್ಟಿ ಕಮ್ಮಿಯಾಗುವುದಿಲ್ಲ, ಓದಿಗೆ ಅಡ್ಡಿಯಿಲ್ಲ. ಬೋರ್ಡಿನ ಮೇಲೆ ಕೆಂಪು ಹಸಿರು ಬಣ್ಣದಲ್ಲೇ ವ್ಯತ್ಯಾಸ ತೋರಿಸಬೇಡಿ ಎಂದು ಟೀಚರಿಗೆ ಹೇಳಿಡಿ. ಪೈಲಟ್, ರೈಲು ಚಾಲಕ ಇಂಥ ಕೆಲಸಗಳಿಗೆ ತೊಡಕಾಗಬಹುದು. ಮಗು ಕನಸು ಕಟ್ಟುವ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಾಣ್ತಿದೆ. ಕ್ಯಾಮೆರಾ ದೋಷನಾ?

ಇರಬಹುದು, ಆದರೆ ಊಹೆ ಮಾಡುತ್ತಾ ಕೂರಬೇಡಿ. ಮುಂದಿನ ಶಿಬಿರಕ್ಕೂ ಕಾಯಬೇಡಿ. ಕಣ್ಣಿನ ಪೊರೆ, ಅಪರೂಪಕ್ಕೆ ರೆಟಿನಾದ ಕ್ಯಾನ್ಸರ್ ಹೀಗೇ ಮೊದಲು ಕಾಣಿಸಿಕೊಳ್ಳುತ್ತದೆ. ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ, ಫೋಟೋ ಜೊತೆಗೆ ಒಯ್ಯಿರಿ.

## ಹಲ್ಲು

ಹಾಲುಹಲ್ಲು ಹೇಗೂ ಬಿದ್ದು ಹೋಗುತ್ತೆ. ಅದಕ್ಕೆ ಯಾಕೆ ಚಿಕಿತ್ಸೆ?

ಮುಂದಿನ ಹಾಲುಹಲ್ಲುಗಳು 6–7ಕ್ಕೆ ಬೀಳುತ್ತವೆ, ನಿಜ. ಹಿಂದಿನವು 10–12ರವರೆಗೆ ಇರಬೇಕು. ಅಷ್ಟು ವರ್ಷ ಮಗು ಅಗಿಯಬೇಕು, ನಿದ್ದೆ ಮಾಡಬೇಕು, ಶಾಲೆಗೆ ಹೋಗಬೇಕು. ಕೀವಾದರೆ ಕೆಳಗೆ ಬೆಳೆಯುತ್ತಿರುವ ಖಾಯಂ ಹಲ್ಲಿಗೂ ಪೆಟ್ಟು. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವ ಹಲ್ಲು ಸೊಟ್ಟಗೆ ಬರುತ್ತದೆ. ಕೀಳಲೇಬೇಕಾದರೆ ಜಾಗ ಹಿಡಿದಿಡುವ ಸಣ್ಣ ತಂತಿ ಬೇಕಾ ಎಂದು ಡಾಕ್ಟರನ್ನು ಕೇಳಿ.

ಇಲ್ಲೇ ಇನ್ನೊಂದು ಮಾತು. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಖಾಯಂ ದವಡೆ ಹಲ್ಲು ಬರುತ್ತದೆ. ಅದು ಬರಲು ಯಾವ ಹಲ್ಲೂ ಬೀಳಬೇಕಿಲ್ಲ. ಹಾಗಾಗಿ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಶಾಲಾ ತಪಾಸಣೆಯಲ್ಲಿ ಹೆಚ್ಚಾಗಿ ಹಾಳಾಗಿ ಸಿಗುವ ಖಾಯಂ ಹಲ್ಲು ಇದೇ.

ಹಲ್ಲಿನ ಮೇಲಿನ ಕಲೆ ಎಲ್ಲಾ ಹುಳುಕೇನಾ?

ಅಲ್ಲ. ವಸಡಿನ ಅಂಚಿಗೆ ಸುಣ್ಣದ ಹಾಗೆ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಆಗಲೇ ಸರಿಯಾಗಿ ಉಜ್ಜಿ, ಫ್ಲೋರೈಡ್ ಹಚ್ಚಿಸಿದರೆ ಹಲ್ಲು ಮತ್ತೆ ಗಟ್ಟಿಯಾಗುತ್ತದೆ, ಕೊರೆಯುವುದೇ ಬೇಡ. ಎಡ ಬಲ ಎರಡೂ ಕಡೆಯ ಹಲ್ಲುಗಳಲ್ಲಿ ಒಂದೇ ತರಹ ಬಿಳಿ ಅಥವಾ ಕಂದು ಪಟ್ಟೆ ಇದ್ದರೆ ಫ್ಲೋರೋಸಿಸ್ ಇರಬಹುದು. ಹಲ್ಲು ಮೂಡುವ ವಯಸ್ಸಿನಲ್ಲಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದ ಕಡೆ ಹೀಗಾಗುತ್ತದೆ. ಕಬ್ಬಿಣದ ಟಾನಿಕ್‌ನಿಂದಲೂ ಕಪ್ಪು ಹಿಡಿಯುತ್ತದೆ, ಅದನ್ನು ಕ್ಲೀನ್ ಮಾಡಬಹುದು.

ಚಾಕಲೇಟ್ ಜಾಸ್ತಿ ಕೊಡೋದೇ ಇಲ್ಲ. ಆದ್ರೂ ಯಾಕೆ ಹುಳುಕಾಯ್ತು?

ಎಷ್ಟು ತಿಂದರು ಅನ್ನುವಷ್ಟೇ ಎಷ್ಟು ಸಲ ತಿಂದರು ಅನ್ನುವುದೂ ಮುಖ್ಯ. ಸಕ್ಕರೆ ಬಾಯಿಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲು ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಸರಿ ಮಾಡಲು ಅರ್ಧ ಗಂಟೆಯ ಆಸುಪಾಸು ಬೇಕು. ಗಂಟೆಗೊಮ್ಮೆ ಬಿಸ್ಕತ್ತು, ಗುಟುಕು ಗುಟುಕಾಗಿ ಜ್ಯೂಸ್ ಇದ್ದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ನಿದ್ದೆಯಲ್ಲಿ ಜೊಲ್ಲು ಕಮ್ಮಿ.

ಪೇಸ್ಟ್ ಬಗ್ಗೆ ಕೇಳುವವರಿಗೆ: 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಅಥವಾ ಹೆಚ್ಚು ಫ್ಲೋರೈಡ್ ಇರುವುದು ಬೇಕು. 3 ವರ್ಷದೊಳಗೆ ಅಕ್ಕಿ ಕಾಳಿನಷ್ಟು, 3ರಿಂದ 6ಕ್ಕೆ ಬಟಾಣಿ ಕಾಳಿನಷ್ಟು ಸಾಕು. ಉಗುಳಿದರೆ ಸಾಕು, ಬಾಯಿ ತುಂಬಾ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದು ಹೋಗುತ್ತದೆ. 7–8 ವರ್ಷದವರೆಗೆ ದೊಡ್ಡವರೇ ಜೊತೆ ನಿಂತು ಉಜ್ಜಿಸಬೇಕು.

ಹುಳುಕೇ ಇಲ್ಲದ ಹಲ್ಲಿಗೆ ಸೀಲೆಂಟ್ ಹಾಕಿಸಿ ಅಂತಾರೆ. ಸುಮ್ನೆ ಖರ್ಚಾ?

ನನ್ನ ಮಟ್ಟಿಗೆ ಇದು ಒಳ್ಳೆಯ ಸಲಹೆ. ದವಡೆ ಹಲ್ಲಿನ ಮೇಲೆ ಆಳವಾದ ಗೆರೆಗಳಿರುತ್ತವೆ, ಬ್ರಶ್ಶಿನ ಎಳೆ ಅಲ್ಲಿಗೆ ಇಳಿಯುವುದೇ ಇಲ್ಲ. ಸೀಲೆಂಟ್ ಅಂದರೆ ಆ ಗೆರೆ ಮುಚ್ಚುವ ತೆಳು ಲೇಪ. ಕೊರೆಯುವುದಿಲ್ಲ, ಸೂಜಿ ಇಲ್ಲ. ಎರಡು ವರ್ಷದವರೆಗೆ ದವಡೆ ಹಲ್ಲಿನ ಹುಳುಕನ್ನು ಸುಮಾರು 80% ತಡೆಯುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಖಾಯಂ ದವಡೆ ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಹಾಕಿಸುವುದು ಸರಿಯಾದ ಹೊತ್ತು.

ಏನೋ ಔಷಧಿ ಹಚ್ಚಿದ್ರು, ಹುಳುಕು ಕಪ್ಪಗಾಗಿದೆ. ಹಾಳು ಮಾಡಿಬಿಟ್ರಾ?

ಅದು ಸಿಲ್ವರ್ ಡಯಮೀನ್ ಫ್ಲೋರೈಡ್ ಆಗಿರಬೇಕು. ಹುಳುಕು ನಿಂತ ಜಾಗ ಕಪ್ಪಾಗುವುದು ಅದರ ಗುಣ. ಕೊರೆಯದೆ, ನೋವಿಲ್ಲದೆ ಹುಳುಕು ನಿಲ್ಲಿಸುತ್ತದೆ ಅನ್ನುವ ಕಾರಣಕ್ಕೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ಕಪ್ಪು ಹೋಗುವುದಿಲ್ಲ. ಹಚ್ಚುವ ಮೊದಲೇ ಮನೆಯವರಿಗೆ ಇದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಈ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ.

ಸದಾ ಬಾಯಿ ತೆರೆದೇ ಇರ್ತಾಳೆ, ಮುಂದಿನ ಹಲ್ಲು ಉಬ್ಬಿದೆ. ಕ್ಲಿಪ್ ಹಾಕಿಸ್ಲಾ?

ಮೊದಲು ಮೂಗು ನೋಡಿಸಿ. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಎಂಬ ಮಾಂಸದ ಗಂಟು ಊದಿದ್ದರೆ ಅಥವಾ ಅಲರ್ಜಿ ಇದ್ದರೆ ಮಗು ಬಾಯಲ್ಲೇ ಉಸಿರಾಡುತ್ತದೆ. ರಾತ್ರಿ ಗೊರಕೆ ಇದೆಯಾ ಗಮನಿಸಿ. ಬೆರಳು ಚೀಪುವ ಅಭ್ಯಾಸ ಇದ್ದರೂ ಹಲ್ಲು ಮುಂದೆ ಬರುತ್ತದೆ. ಕಾರಣ ಹಾಗೇ ಬಿಟ್ಟು ಕ್ಲಿಪ್ ಹಾಕಿದರೆ ಹಲ್ಲು ಮತ್ತೆ ಹಳೆ ಜಾಗಕ್ಕೆ ಹೋಗಬಹುದು. ಉಬ್ಬಿದ ಹಲ್ಲಿಗೆ ಆಟದಲ್ಲಿ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ, ಹಾಗಾಗಿ ಹಲ್ಲಿನ ಡಾಕ್ಟರ ಸಲಹೆಯನ್ನೂ ಮುಂದೂಡಬೇಡಿ.

## ಬೆನ್ನು, ಕಾಲು, ನಿಲುವು

ಭಾರದ ಬ್ಯಾಗ್‌ನಿಂದ ಬೆನ್ನು ಸೊಟ್ಟಗಾಗುತ್ತಾ?

ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್‌ಗೆ ಬ್ಯಾಗ್ ಕಾರಣ ಅಲ್ಲ. ಕೂರುವ ಭಂಗಿಯೂ ಕಾರಣ ಅಲ್ಲ. ಇದನ್ನು ಒತ್ತಿ ಹೇಳಬೇಕು, ಎಷ್ಟೋ ಅಮ್ಮಂದಿರು "ನಾನೇ ಗಮನ ಕೊಡಲಿಲ್ಲ" ಎಂದು ಕೊರಗುತ್ತಾರೆ. ಬೆನ್ನುನೋವಿಗೂ ಬ್ಯಾಗಿಗೂ ಗಟ್ಟಿ ಸಂಬಂಧ ಸಿಕ್ಕಿಲ್ಲ ಎಂದು 2018ರ ಒಂದು ದೊಡ್ಡ ವಿಮರ್ಶೆ ಹೇಳಿದೆ. ಹಾಗಂತ ಮಣಭಾರ ಹೊರಿಸಬೇಕಾ? ಮಗುವಿನ ತೂಕದ 10–15% ಒಳಗೆ ಇರಲಿ, ಎರಡೂ ಭುಜಕ್ಕೆ ಹಾಕಲಿ. ಹೊರುವಾಗ ಮಗು ಮುಂದಕ್ಕೆ ಬಾಗಿದರೆ ಭಾರ ಜಾಸ್ತಿಯಾಗಿದೆ ಎಂದೇ ಅರ್ಥ.

ಮುಂದಕ್ಕೆ ಬಗ್ಗಿಸಿ ಬೆನ್ನು ನೋಡಿದ್ರು. ಅದ್ರಲ್ಲಿ ಏನು ಗೊತ್ತಾಗುತ್ತೆ?

ಬೆನ್ನುಮೂಳೆ ಪಕ್ಕಕ್ಕೆ ಬಾಗುವಾಗ ತಿರುಚಿಕೊಳ್ಳುತ್ತದೆ ಕೂಡ. ಮಗು ಕಾಲು ಜೋಡಿಸಿ, ಮಂಡಿ ನೇರ ಇಟ್ಟು, ಅಂಗೈ ಸೇರಿಸಿ ಬಗ್ಗಿದಾಗ ತಿರುಚಿದ ಕಡೆ ಪಕ್ಕೆಲುಬು ದಿಬ್ಬದ ಹಾಗೆ ಮೇಲೇಳುತ್ತದೆ. 19ನೇ ಶತಮಾನದ ಇಂಗ್ಲಿಷ್ ಸರ್ಜನ್ ವಿಲಿಯಂ ಆಡಮ್ಸ್ ಹೆಸರಿನಲ್ಲಿ ಈ ಪರೀಕ್ಷೆ ಇದೆ. ಬೆನ್ನಿನ ಮೇಲೆ ಸ್ಕೋಲಿಯೋಮೀಟರ್ ಎಂಬ ಪುಟ್ಟ ಸಾಧನ ಇಟ್ಟು ಓರೆ ಅಳೆಯುತ್ತಾರೆ. 5ರಿಂದ 7 ಡಿಗ್ರಿ ಮುಟ್ಟಿದರೆ ಮುಂದಿನ ಪರೀಕ್ಷೆಗೆ ಕಳಿಸುವುದು ರೂಢಿ. ಒಂದು ಕಾಲು ಚಿಕ್ಕದಿದ್ದರೂ ಸೊಂಟ ಓರೆಯಾಗಿ ಬೆನ್ನು ಬಾಗಿದಂತೆ ಕಾಣುತ್ತದೆ. ಅನುಮಾನ ಇದ್ದರೆ ಕೂರಿಸಿ ಬಗ್ಗಿಸಿ ನೋಡಬೇಕು.

ಸ್ಕೋಲಿಯೋಸಿಸ್ ಅಂತ ಬಂದಿದೆ. ಆಪರೇಷನ್ ಮಾಡಿಸ್ಲೇಬೇಕಾ?

ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಎಕ್ಸ್‌ರೇಯಲ್ಲಿ ಬಾಗನ್ನು ಕಾಬ್ ಕೋನ ಎಂದು ಅಳೆಯುತ್ತಾರೆ. 10 ಡಿಗ್ರಿಗಿಂತ ಕಮ್ಮಿ ಇದ್ದರೆ ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. 25ರವರೆಗೆ ಕೆಲವು ತಿಂಗಳಿಗೊಮ್ಮೆ ನೋಡುತ್ತಾ ಹೋಗುತ್ತಾರೆ. ಮಗು ಇನ್ನೂ ಬೆಳೆಯುತ್ತಿದ್ದು 25ರಿಂದ 40 ಇದ್ದರೆ ಬ್ರೇಸ್, ಅಂದರೆ ಮೈಗೆ ಬಿಗಿಯಾಗಿ ಹಾಕುವ ಗಟ್ಟಿ ಕವಚ. 45–50 ದಾಟಿದರೆ ಆಪರೇಷನ್ ಮಾತು. ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದಾ ಎಂಬ ಅನುಮಾನ ಬಹಳ ಕಾಲ ಇತ್ತು. 2013ರ ಒಂದು ಪ್ರಯೋಗದಲ್ಲಿ ಬ್ರೇಸ್ ಹಾಕಿದವರಲ್ಲಿ 72% ಮಕ್ಕಳ ಬಾಗು 50 ಡಿಗ್ರಿ ಮುಟ್ಟಲಿಲ್ಲ, ಹಾಕದವರಲ್ಲಿ 48%. ದಿನಕ್ಕೆ ಹೆಚ್ಚು ಗಂಟೆ ಹಾಕಿದಷ್ಟೂ ಫಲ ಜಾಸ್ತಿ. ಬೆಳವಣಿಗೆ ನಿಂತ ಮೇಲೆ ಬ್ರೇಸ್ ಪ್ರಯೋಜನಕ್ಕೆ ಬಾರದು, ಹಾಗಾಗಿ "ಮುಂದಿನ ವರ್ಷ ನೋಡೋಣ" ಅನ್ನಬೇಡಿ. ರಾತ್ರಿ ಎಬ್ಬಿಸುವ ಬೆನ್ನುನೋವು, ಕಾಲಲ್ಲಿ ಬಲ ಕಮ್ಮಿಯಾಗುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ತಕ್ಷಣ ತೋರಿಸಿ.

ಯಾವಾಗ್ಲೂ ಗೂನು ಬಿಟ್ಟು ಕೂರ್ತಾನೆ. ಬೆನ್ನು ನೇರ ಮಾಡೋ ಬೆಲ್ಟ್ ಹಾಕ್ಲಾ?

"ನೆಟ್ಟಗೆ ನಿಲ್ಲು" ಅಂದಾಗ ಬೆನ್ನು ನೇರವಾದರೆ ಅದು ಬರೀ ಅಭ್ಯಾಸ. ಬೆಲ್ಟ್ ಬೇಡ, ಅದು ಹಿಡಿದಿರುವಷ್ಟು ಹೊತ್ತು ಬೆನ್ನಿನ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಓಡಾಟ, ಈಜು, ಆಟ ಇರಲಿ. ಬೆಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ತಾಗಲಿ. ನೇರ ಮಾಡಲು ಹೋದರೂ ಆಗದಿದ್ದರೆ, ಬಗ್ಗಿದಾಗ ಪಕ್ಕದಿಂದ ನೋಡಿದರೆ ಒಂದು ಕಡೆ ಚೂಪಾಗಿ ಮೂಳೆ ಎದ್ದು ಕಂಡರೆ, ಶ್ಯೂಯರ್‌ಮನ್ ಎಂಬ ಬೆನ್ನುಮೂಳೆಯ ತೊಂದರೆ ಇರಬಹುದು. ಮೂಳೆ ಡಾಕ್ಟರಿಗೆ ತೋರಿಸಿ.

ಪಾದ ಚಪ್ಪಟೆ, ಮಂಡಿ ಒಂದಕ್ಕೊಂದು ತಾಗುತ್ತೆ. ವಿಶೇಷ ಶೂ ಬೇಕಾ?

ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ತುದಿಗಾಲಲ್ಲಿ ನಿಲ್ಲಿಸಿ. ಪಾದದಡಿ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ ಏನೂ ಬೇಡ. ಮಂಡಿ ತಾಗುವುದು 3–4 ವಯಸ್ಸಿಗೆ ಜಾಸ್ತಿ, 7–8ಕ್ಕೆ ಹೆಚ್ಚಾಗಿ ತಾನಾಗೇ ಸರಿಹೋಗುತ್ತದೆ. ಒಂದೇ ಕಾಲಿನಲ್ಲಿದ್ದರೆ, ನೋವಿದ್ದರೆ, 8 ದಾಟಿದರೂ ಜಾಸ್ತಿಯಾಗುತ್ತಿದ್ದರೆ ತೋರಿಸಬೇಕು. ವಿಟಮಿನ್ ಡಿ ಕೊರತೆಯೂ ಕಾರಣ ಇರಬಹುದು.

ತಲೆ ಯಾವಾಗ್ಲೂ ಒಂದು ಕಡೆ ವಾಲಿಸ್ತಾಳೆ. ಕತ್ತಿಗೆ ತೋರಿಸ್ಲಾ, ಬೆನ್ನಿಗಾ?

ಕಣ್ಣಿಗೂ ತೋರಿಸಿ. ಕಣ್ಣಿನ ಸ್ನಾಯುಗಳಲ್ಲಿ ಒಂದು ಬಲಹೀನವಾಗಿದ್ದರೆ ಮಗು ತಲೆ ವಾಲಿಸಿ ಎರಡೆರಡು ಕಾಣುವುದನ್ನು ತಪ್ಪಿಸಿಕೊಳ್ಳುತ್ತದೆ. ಒಂದು ಸುಳಿವು: ಒಂದು ಕಣ್ಣು ಮುಚ್ಚಿದ ಕೂಡಲೇ ತಲೆ ನೇರವಾದರೆ ಕಾರಣ ಕಣ್ಣಿನಲ್ಲಿದೆ. ಕತ್ತಿನ ವ್ಯಾಯಾಮ ಎಷ್ಟು ಮಾಡಿಸಿದರೂ ಇದು ಹೋಗುವುದಿಲ್ಲ.

## ಶಿಬಿರ ನಡೆಸುವವರು ಕೇಳುವವು

ಟೀಚರ್‌ಗಳೇ ಕಣ್ಣು ತಪಾಸಣೆ ಮಾಡಬಹುದಾ? ಎಲ್ಲಿ ತಪ್ಪಾಗುತ್ತೆ?

ತರಬೇತಿ ಕೊಟ್ಟರೆ ಚೆನ್ನಾಗಿಯೇ ಮಾಡುತ್ತಾರೆ. ತಪ್ಪುಗಳು ಬಹುತೇಕ ಒಂದೇ ತರಹದವು. ಸಾಲಿನಲ್ಲಿ ಕಾಯುವ ಮಕ್ಕಳು ಚಾರ್ಟ್ ಬಾಯಿಪಾಠ ಮಾಡಿಬಿಡುತ್ತಾರೆ, ಅವರನ್ನು ಬಾಗಿಲ ಹೊರಗೆ ನಿಲ್ಲಿಸಿ. ಅಂಗೈಯಲ್ಲಿ ಕಣ್ಣು ಮುಚ್ಚಿದರೆ ಬೆರಳ ಸಂದಿಯಿಂದ ನೋಡುತ್ತಾರೆ, ಅಪಾರದರ್ಶಕ ಮುಚ್ಚಳ ಕೊಡಿ. ಮುಚ್ಚಿದ ಕಣ್ಣನ್ನು ಒತ್ತಿದರೆ ಆಮೇಲೆ ಅದು ಮಸುಕಾಗಿ ಕಾಣುತ್ತದೆ. ಕನ್ನಡಕ ಇರುವ ಮಗುವನ್ನು ಕನ್ನಡಕ ಹಾಕಿಸಿಯೇ ನೋಡಿ.

ಪ್ರಿಂಟ್ ತೆಗೆದ ಚಾರ್ಟ್ ಅಳತೆ ತಪ್ಪುವುದು ದೊಡ್ಡ ತಲೆನೋವು. ಸ್ಕೇಲ್ ಹಿಡಿದು ನೋಡಿ: 6 ಮೀಟರ್ ಚಾರ್ಟ್‌ನಲ್ಲಿ 6/60 ಸಾಲಿನ ಅಕ್ಷರ ಸುಮಾರು 87 ಮಿಲಿಮೀಟರ್ ಎತ್ತರ ಇರಬೇಕು, 3 ಮೀಟರ್‌ನದಾದರೆ ಅದರ ಅರ್ಧ. ದೂರವನ್ನು ಟೇಪ್‌ನಿಂದ ಅಳೆದು ನೆಲದ ಮೇಲೆ ಗೆರೆ ಎಳೆಯಿರಿ, ಹೆಜ್ಜೆ ಲೆಕ್ಕ ಬೇಡ.

ಬೆನ್ನು ನೋಡೋಕೆ ಅಂಗಿ ತೆಗೆಸ್ಬೇಕು. ಮಕ್ಕಳು ಮುಜುಗರ ಪಡ್ತಾರೆ, ಏನ್ಮಾಡೋದು?

ಪಡಲೇಬೇಕಾದ ವಯಸ್ಸು ಅದು. ಪರದೆ ಕಟ್ಟಿದ ಜಾಗ, ಒಳಗೆ ಒಂದು ಮಗು ಮಾತ್ರ. ಹೆಣ್ಣುಮಕ್ಕಳನ್ನು ಹೆಂಗಸರೇ ನೋಡಬೇಕು, ಜೊತೆಗೆ ಇನ್ನೊಬ್ಬ ಟೀಚರ್ ಇರಬೇಕು. ಹಿಂದಕ್ಕೆ ತೆರೆಯುವ ಗೌನ್ ಇದ್ದರೆ ಮುಂದಿನ ಬಟ್ಟೆಯ ಚಿಂತೆಯೇ ಇಲ್ಲ. ಮನೆಯವರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ. ಮಗು ಬೇಡ ಅಂದರೆ ಅಲ್ಲಿಗೆ ಬಿಡಿ, ಮನೆಯವರಿಗೆ ತಿಳಿಸಿ. ತೂಕ, ಹಲ್ಲು, ಬೆನ್ನಿನ ಬಗ್ಗೆ ಎಲ್ಲರೆದುರು ಗಟ್ಟಿಯಾಗಿ ಹೇಳುವುದು ಬೇಡವೇ ಬೇಡ. ಅಡ್ಡಹೆಸರು ಹುಟ್ಟುವುದು ಅಲ್ಲೇ.

ಬೆನ್ನಿನ ತಪಾಸಣೆ ಬೇಡ ಅನ್ನೋ ಡಾಕ್ಟರ್‌ಗಳೂ ಇದ್ದಾರಲ್ಲ?

ಇದ್ದಾರೆ, ಅವರ ವಾದದಲ್ಲಿ ಹುರುಳಿದೆ. ಯಾವ ತಪಾಸಣೆ ಬೇಕು ಬೇಡ ಎಂದು ಸಲಹೆ ಕೊಡುವ ತಜ್ಞರ ಸಮಿತಿ, ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, 2018ರಲ್ಲಿ, ಲಾಭ ನಷ್ಟ ತೂಗಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಮೂಳೆ ತಜ್ಞರ ಸಂಘಗಳು ತಪಾಸಣೆ ಬೇಕು ಅನ್ನುತ್ತವೆ. ಜಗಳ ಎಲ್ಲಿದೆ ಎಂದು ಒಂದು ಲೆಕ್ಕದಿಂದ ನೋಡಿ. 1000 ಮಕ್ಕಳಲ್ಲಿ 30 ಜನಕ್ಕೆ ನಿಜವಾದ ತೊಂದರೆ ಇದೆ ಅಂದುಕೊಳ್ಳಿ. ಪರೀಕ್ಷೆ 100ಕ್ಕೆ 90ರಷ್ಟು ಸರಿಯಾಗಿ ಹಿಡಿಯುತ್ತದೆ, ಸರಿ ಇರುವವರಲ್ಲೂ 100ಕ್ಕೆ 90 ಜನರನ್ನು ಸರಿ ಅನ್ನುತ್ತದೆ. ಆಗ 27 ನಿಜವಾದವರ ಜೊತೆ ಸುಮ್ನೆ 97 ಮಕ್ಕಳಿಗೆ ಚೀಟಿ ಹೋಗುತ್ತದೆ. ಅವರಿಗೆಲ್ಲ ಎಕ್ಸ್‌ರೇ, ಮನೆಯವರಿಗೆ ನಿದ್ದೆ ಇಲ್ಲ. ನುರಿತ ಕೈ, ಸ್ಕೋಲಿಯೋಮೀಟರ್, ಅನುಮಾನ ಬಂದವರನ್ನು ಅಲ್ಲೇ ಎರಡನೇ ಸಲ ನೋಡುವ ವ್ಯವಸ್ಥೆ ಇದ್ದರೆ ಮಾಡಿ. ಇಲ್ಲದಿದ್ದರೆ ಆ ಸಮಯವನ್ನು ಕಣ್ಣಿಗೂ ಹಲ್ಲಿಗೂ ಕೊಡುವುದೇ ವಾಸಿ.

ಹಲ್ಲಿನ ತಪಾಸಣೆಗೆ ಕನಿಷ್ಠ ಏನು ಬೇಕು?

ಒಳ್ಳೆಯ ಬೆಳಕು, ಬಾಯಿಗೆ ಹಿಡಿಯುವ ಕನ್ನಡಿ ಅಥವಾ ಮರದ ಚಪ್ಪಟೆ ಕಡ್ಡಿ, ಪ್ರತಿ ಮಗುವಿಗೂ ಬೇರೆ ಗ್ಲೌಸ್. ಕನ್ನಡಿಗಳು ಎಷ್ಟು ಮಕ್ಕಳೋ ಅಷ್ಟಿರಬೇಕು, ಇಲ್ಲವೇ ಸರಿಯಾಗಿ ಸ್ಟೆರಿಲೈಸ್ ಆಗಬೇಕು. ಚೂಪು ಕೊಕ್ಕೆಯಿಂದ ಚುಚ್ಚಿ ನೋಡುವ ಹಳೆ ಪದ್ಧತಿ ಬಿಡಿ, ಬಿಳಿ ಚುಕ್ಕೆ ಹಂತದ ಹಲ್ಲು ಅದರಿಂದಲೇ ತೂತಾಗಬಹುದು. ನೋವು, ಕೀವು, ಊತ ಇರುವವರ ಪಟ್ಟಿ ಬೇರೆ ಮಾಡಿ, ಅವರಿಗೆ ಅದೇ ದಿನ ಫೋನ್ ಹೋಗಲಿ.

ಚೀಟಿ ಕೊಡ್ತೀವಿ, ಆದ್ರೆ ತುಂಬಾ ಮಕ್ಕಳು ಡಾಕ್ಟರ್ ಹತ್ರ ಹೋಗೋದೇ ಇಲ್ಲ. ಏನು ಮಾಡಬಹುದು?

ಇಡೀ ಕೆಲಸದ ಬೆಲೆ ನಿಂತಿರುವುದು ಇಲ್ಲೇ. ಶಾಲೆಯಲ್ಲಿ ಹಲ್ಲು ನೋಡಿ ಚೀಟಿ ಕೊಡುವುದರಿಂದ ಮಕ್ಕಳ ಹಲ್ಲಿನ ಆರೋಗ್ಯ ಸುಧಾರಿಸುತ್ತದೆ ಎಂದು ಹೇಳಲು ಗಟ್ಟಿ ಪುರಾವೆ ಇಲ್ಲ ಎಂದು, ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ ಹೇಳಿದೆ. 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ತಪಾಸಣೆಯ ನಿಯಮಗಳಲ್ಲೂ, ಪತ್ತೆಯಾದವರಿಗೆ ಚಿಕಿತ್ಸೆಯ ವ್ಯವಸ್ಥೆ ಇರಬೇಕು ಎಂದಿದೆ. ಹಾಗಾಗಿ ನಾನು ಶಿಬಿರದ ದಿನಾಂಕಕ್ಕಿಂತ ಮೊದಲು ಕೇಳುವ ಪ್ರಶ್ನೆ: ಕನ್ನಡಕ ಯಾರು ಕೊಡುತ್ತಾರೆ, ಹಲ್ಲು ಯಾರು ತುಂಬುತ್ತಾರೆ?

ಕೆಲಸ ಮಾಡುವ ದಾರಿಗಳು ಇವೆ. ಕಣ್ಣಿನ ಪವರ್ ಪರೀಕ್ಷೆಯನ್ನು ಶಾಲೆಗೇ ತರಿಸಿ, ಕನ್ನಡಕವನ್ನೂ ಶಾಲೆಯಲ್ಲೇ ಹಂಚಿ. ಫ್ರೇಮ್ ಮಗುವೇ ಆರಿಸಿಕೊಳ್ಳಲಿ, ಇಷ್ಟವಿಲ್ಲದ ಕನ್ನಡಕ ಬ್ಯಾಗಿನಲ್ಲೇ ಉಳಿಯುತ್ತದೆ. ಒಂದು ಜೊತೆ ಮುರಿದರೆ ಏನು ಮಾಡುವುದು ಎಂದು ಮೊದಲೇ ಯೋಚಿಸಿ. ಫ್ಲೋರೈಡ್, ಸೀಲೆಂಟ್ ಇಂಥವನ್ನು ಅದೇ ದಿನ ಮಾಡಿಸಿ. ಚೀಟಿಯಲ್ಲಿ "ಮುಂದಿನ ತಪಾಸಣೆ ಅಗತ್ಯ" ಎಂದು ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. "ಎಡಗಣ್ಣು ಮಸುಕು, ಒಂದು ತಿಂಗಳೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಹನಿ ಹಾಕಿ ಪರೀಕ್ಷೆ ಮಾಡುತ್ತಾರೆ" ಎಂದು ಬರೆಯಿರಿ. ಚೀಟಿಯ ಕೆಳಗೆ ಡಾಕ್ಟರ್ ತುಂಬಿ ವಾಪಸ್ ಕಳಿಸುವ ಜಾಗ ಇರಲಿ. ವಾಪಸ್ ಬಾರದ ಹೆಸರುಗಳ ಪಟ್ಟಿ ಒಬ್ಬ ಟೀಚರ್ ಕೈಯಲ್ಲಿರಲಿ, ಆರು ವಾರಕ್ಕೆ ಅವರೇ ಮನೆಗೆ ಫೋನ್ ಮಾಡಲಿ. ಮೂರು ತಿಂಗಳ ಮೇಲೆ ಹೇಳದೆ ಕೇಳದೆ ತರಗತಿಗೆ ಹೋಗಿ, ಕನ್ನಡಕ ಸಿಕ್ಕವರಲ್ಲಿ ಎಷ್ಟು ಜನ ಹಾಕಿಕೊಂಡು ಕೂತಿದ್ದಾರೆ ಎಂದು ಎಣಿಸಿ. ವರದಿಯಲ್ಲಿ "ಇಷ್ಟು ಮಕ್ಕಳನ್ನು ನೋಡಿದೆವು" ಎನ್ನುವ ಸಾಲಿನ ಪಕ್ಕದಲ್ಲೇ ಆ ಸಂಖ್ಯೆಯನ್ನೂ ಬರೆಯಿರಿ.